ಎಲ್ಲರ ಕಿವಿಗೂ ಬಿದ್ದಿದ್ದ ಕಾಯಿಲೆ

ಗೊರಕೆ ನಮ್ಮ ಮಾತಿನಲ್ಲಿ ಸುಖನಿದ್ದೆಯ ಸದ್ದು. 'ಗೊರಕೆ ಹೊಡೀತಾ ಮಲಗಿದ್ದಾನೆ' ಎಂದರೆ ನೆಮ್ಮದಿಯಾಗಿದ್ದಾನೆ ಎಂದೇ ಅರ್ಥ. ಹಗಲು ಹೊತ್ತಿನಲ್ಲಿ ತೂಕಡಿಸುವವನು ಮಾತ್ರ ಸೋಮಾರಿ, ಕುಂಭಕರ್ಣನ ವಂಶದವನು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಹೇಳುತ್ತದೆ. ಸಂತೆಯಲ್ಲಿ ನಿದ್ದೆ ಹೋದವನು ಹಿಂದಿನ ರಾತ್ರಿಯಿಡೀ ನಿದ್ದೆಯನ್ನೇ ಕಾಣದವನಿರಬಹುದು ಎಂಬ ಅನುಮಾನ ಅದಕ್ಕೆ ಬಂದಿಲ್ಲ. ಈ ವಿಷಯದಲ್ಲಿ ಕನ್ನಡವೊಂದನ್ನೇ ದೂರುವಂತಿಲ್ಲ. ಇಂದು ಸ್ಲೀಪ್ ಅಪ್ನಿಯಾ ಎಂದು ಕರೆಯುವ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ವೈದ್ಯಶಾಸ್ತ್ರ ಒಂದು ಹೆಸರಿಟ್ಟು ಅಳತೆ ಕಟ್ಟಿದ್ದು 1970ರ ದಶಕದಲ್ಲಿ. ಕಾಯಿಲೆ ಎಲ್ಲೋ ಅಡಗಿತ್ತೆಂದು ಇಷ್ಟು ತಡವಾಗಲಿಲ್ಲ. ಅದು ಪ್ರತಿ ರಾತ್ರಿ, ಪಕ್ಕದ ಕೋಣೆಯವರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. ತೀರಾ ಪರಿಚಿತವಾದದ್ದು ರೋಗವಾಗಿ ಕಾಣಲಿಲ್ಲ ಎಂಬುದೇ ಈ ತಡಕ್ಕೆ ಕಾರಣವೆಂದು ನನ್ನ ವಾದ.

ಆಗುವುದಿಷ್ಟು. ನಿದ್ದೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ಗೊರಕೆ ತಟ್ಟನೆ ನಿಂತು ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡು ಮೌನ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಗಾಬರಿಯಿಂದ ಅರೆಕ್ಷಣ ಎಚ್ಚರಗೊಂಡು, ದೊಡ್ಡದೊಂದು ಸದ್ದಿನೊಂದಿಗೆ ಗಂಟಲು ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ತಡೆ. ತೀವ್ರವಾದಾಗ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ. ಬೆಳಗ್ಗೆ ಎದ್ದವನಿಗೆ ಇದಾವುದೂ ನೆನಪಿರುವುದಿಲ್ಲ. ವಿಲಿಯಂ ಬ್ರಾಡ್‌ಬೆಂಟ್ ಎಂಬ ಇಂಗ್ಲಿಷ್ ವೈದ್ಯರು 1877ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಹೆಚ್ಚುಕಡಿಮೆ ಹೀಗೆಯೇ ವರ್ಣಿಸಿದ್ದರು: ಅಂಗಾತ ಮಲಗಿ ಗೊರೆಯುವ ವಯಸ್ಸಾದವರು, ನಡುವೆ ಪೂರ್ಣ ಮೌನ, ವ್ಯರ್ಥವಾಗಿ ಆಡುವ ಎದೆ, ಕೊನೆಗೆ ಜೋರಾದ ಸದ್ದು. ಆದರೆ ಅವರ ಲೇಖನದ ವಿಷಯ ಮಿದುಳಿನ ರಕ್ತಸ್ರಾವವಾಗಿತ್ತು. ಗೊರಕೆಯವರಲ್ಲಿ ಇದು ಸಾಮಾನ್ಯ ಎಂದು ಹೇಳಿ ಮುಂದೆ ಹೋದರು. ಆ 'ಸಾಮಾನ್ಯ'ದ ಬೆಲೆ ಎಂಬತ್ತೆಂಟು ವರ್ಷ.

ನಮ್ಮ ಆಯುರ್ವೇದಕ್ಕೆ ಇದೆಲ್ಲ ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಚರಕ ಸಂಹಿತೆ ದೇಹವನ್ನು ಹೊತ್ತು ನಿಲ್ಲಿಸುವ ಮೂರು ಆಧಾರಗಳಲ್ಲಿ ನಿದ್ದೆಯನ್ನೂ ಎಣಿಸಿದೆ. ಅತಿಸ್ಥೂಲರ ವಿಚಾರ ಬರುವ ಅಧ್ಯಾಯದಲ್ಲೇ ನಿದ್ದೆಯ ವಿಚಾರವನ್ನೂ ಇಟ್ಟಿದೆ. ಸುಶ್ರುತ ಸಂಹಿತೆಯ ಸ್ಥೌಲ್ಯ ಲಕ್ಷಣಗಳ ಪಟ್ಟಿಯಲ್ಲಿ ಅತಿನಿದ್ದೆಯೂ ಇದೆ, 'ಕ್ರಥನ'ವೂ ಇದೆ. ಕ್ರಥನವೆಂದರೆ ಉಸಿರು ಇದ್ದಕ್ಕಿದ್ದಂತೆ ತಡೆಯುವುದು ಎಂಬ ವ್ಯಾಖ್ಯಾನ ಉಂಟು. ಕಣ್ಣಿಟ್ಟು ನೋಡಿದವರು ಬರೆದ ಪಟ್ಟಿ ಅದು, ಸಂಶಯವಿಲ್ಲ. ಆದರೆ ರಾತ್ರಿಯ ಆ ತಡೆಯೇ ಹಗಲಿನ ಈ ತೂಕಡಿಕೆಗೆ ಕಾರಣ ಎಂಬ ಗಂಟು ಅಲ್ಲಿ ಬಿದ್ದಿಲ್ಲ. ಬ್ರಾಡ್‌ಬೆಂಟ್ ಎಡವಿದ್ದೂ ಅಲ್ಲೇ.

ಆ ಗಂಟಿನ ಬಳಿಗೆ ಮೊದಲು ಬಂದದ್ದು ಒಂದು ಕಾದಂಬರಿ. ಚಾರ್ಲ್ಸ್ ಡಿಕನ್ಸ್ 1836ರಿಂದ ಕಂತುಗಳಲ್ಲಿ ಬರೆದ 'ಪಿಕ್ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಡೂತಿ ಹುಡುಗ ನಿಂತಲ್ಲೇ ನಿದ್ದೆ ಹೋಗಿ ಗೊರೆಯುತ್ತಾನೆ. ಓದುಗರು ನಕ್ಕರು. 1956ರಲ್ಲಿ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅಂಥದೇ ರೋಗಿಯ ವಿವರ ಕೊಟ್ಟು 'ಪಿಕ್ವಿಕ್ ಲಕ್ಷಣಕೂಟ' ಎಂದು ಹೆಸರಿಟ್ಟರು. ಆತ 51 ವರ್ಷದ ವ್ಯಾಪಾರಿ, ವಾರಕ್ಕೊಮ್ಮೆ ಇಸ್ಪೀಟು ಆಡುವವನು. ಒಂದು ರಾತ್ರಿ ಪೋಕರ್ ಆಟದಲ್ಲಿ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಅಷ್ಟು ಒಳ್ಳೆಯ ಎಲೆ ಹಿಡಿದೂ ಪಂದ್ಯ ಗೆಲ್ಲಲಾಗಲಿಲ್ಲ, ಏಕೆಂದರೆ ಅವನು ನಿದ್ದೆ ಹೋಗಿದ್ದ. ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಸೇರಿದ. ದಪ್ಪ ಮೈಯಿಂದಾಗಿ ಉಸಿರಾಟ ಕುಂದಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಅದರ ಮಂಪರಿನಿಂದ ನಿದ್ದೆ ಬರುತ್ತದೆ ಎಂದು ವೈದ್ಯರು ವಾದಿಸಿದರು. ಅವರು ರಕ್ತ ನೋಡಿದರು, ತೂಕ ನೋಡಿದರು, ಉಸಿರಿನ ಪ್ರಮಾಣ ಅಳೆದರು, ಎಲ್ಲವನ್ನೂ ರೋಗಿ ಎಚ್ಚರವಿದ್ದಾಗ. ನಿದ್ದೆಯ ಕಾಯಿಲೆಯನ್ನು ಹಗಲಲ್ಲಿ ಹುಡುಕಿದರು.

ಗಂಟು ಬಿದ್ದದ್ದು 1965ರಲ್ಲಿ, ಎರಡು ಊರುಗಳಲ್ಲಿ ಪ್ರತ್ಯೇಕವಾಗಿ. ಫ್ರಾನ್ಸಿನ ಮಾರ್ಸೇಯಲ್ಲಿ ಆನ್ರಿ ಗಾಸ್ಟೋ ತಂಡ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯೂಂಗ್ ಮತ್ತು ಕುಹ್ಲೊ, ಇಂಥ ರೋಗಿಗಳನ್ನು ರಾತ್ರಿ ಮಲಗಿಸಿ ಮಿದುಳಿನ ಅಲೆ ಮತ್ತು ಉಸಿರು ಎರಡನ್ನೂ ಒಟ್ಟಿಗೆ ದಾಖಲಿಸಿದರು. ಉಸಿರು ಕಟ್ಟಿದಾಗಲೆಲ್ಲ ಮಿದುಳು ಎಚ್ಚರಗೊಳ್ಳುವುದು ಒಂದೇ ಕಾಗದದ ಮೇಲೆ ಕಂಡಿತು. ಗಮನಿಸಬೇಕಾದದ್ದು, ಇವರು ಮುಖ್ಯವಾಗಿ ನರವಿಜ್ಞಾನದವರು. ಉಸಿರಾಟದ ತಜ್ಞರು ರಾತ್ರಿ ಮನೆಗೆ ಹೋಗುತ್ತಿದ್ದ ಕಾಲವದು. 1969ರಲ್ಲಿ ಕುಹ್ಲೊ ತಂಡ ರೋಗಿಯ ಕುತ್ತಿಗೆಯಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನೇರ ದಾರಿ ಮಾಡಿತು. ಮೈತೂಕ ಇದ್ದಂತೆಯೇ ಇದ್ದರೂ ಹಗಲಿನ ನಿದ್ದೆ ಹೋಯಿತು. ಬರ್ವೆಲ್ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿರಲಿಲ್ಲ. ಇಟಲಿಯ ಬೊಲೋನಾದಲ್ಲಿ ಲುಗರೇಸಿ ಅವರ ಬಳಗ ಒಂದೊಂದು ತಡೆಯೊಂದಿಗೂ ರಕ್ತದೊತ್ತಡ ಏರುವುದನ್ನು ತೋರಿಸಿತು. 1980ರಲ್ಲಿ ಸಾನ್ ಮರೀನೊದ 5,713 ಜನರ ಸಮೀಕ್ಷೆಯಲ್ಲಿ ಗೊರಕೆಗೂ ರಕ್ತದೊತ್ತಡಕ್ಕೂ ನಂಟು ಕಂಡಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ತಿಯಾನ್ ಗಿಲ್ಮಿನೋ ಮತ್ತು ಜೊತೆಗಾರರು 1976ರ ಹೊತ್ತಿಗೆ ಇದು ದಪ್ಪಗಿರುವವರಿಗೆ ಮಾತ್ರ ಬರುವುದಲ್ಲ, ತೆಳ್ಳಗಿರುವವರಿಗೂ ಬರುತ್ತದೆ ಎಂದು ಸ್ಪಷ್ಟಪಡಿಸಿದರು.

ಕುತ್ತಿಗೆಯ ರಂಧ್ರ ಫಲ ಕೊಟ್ಟರೂ ಅದನ್ನು ಹೊತ್ತು ಬಾಳುವುದು ಯಾತನೆ. ಟೊರಾಂಟೊದಲ್ಲಿ ನಾಯಿಗಳ ನಿದ್ದೆಯ ಉಸಿರಾಟವನ್ನು ಅಭ್ಯಾಸ ಮಾಡಿ ಸಿಡ್ನಿಗೆ ಮರಳಿದ ಕಾಲಿನ್ ಸಲಿವನ್, ಆ ಶಸ್ತ್ರಚಿಕಿತ್ಸೆಗೆ ಮನಸ್ಸಾಗದ ರೋಗಿಯೊಬ್ಬನ ಮೇಲೆ 1980ರಲ್ಲಿ ಬೇರೆ ಉಪಾಯ ಪ್ರಯೋಗಿಸಿದರು: ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದಂತೆ ಒಳಗಿನಿಂದಲೇ ಹಿಡಿದಿಡುವುದು. ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಗಾಳಿ ಊದಿತು, ಮುಖವಾಡವನ್ನು ಅಂಟಿನಿಂದ ಮೂಗಿಗೆ ಕೂಡಿಸಲಾಯಿತು. ಐವರು ರೋಗಿಗಳ ಫಲಿತಾಂಶ 1981ರಲ್ಲಿ 'ಲ್ಯಾನ್ಸೆಟ್'ನಲ್ಲೇ ಪ್ರಕಟವಾಯಿತು. ಇಂದಿನ ಸಿಪ್ಯಾಪ್ ಯಂತ್ರದ ಮೂಲ ಅದು.

ಇಲ್ಲಿ ಗಂಭೀರ ಆಕ್ಷೇಪವೊಂದಿದೆ. ಗೊರಕೆಗೆ ರೋಗದ ಹಣೆಪಟ್ಟಿ ಕಟ್ಟಿ ಯಂತ್ರ ಮಾರುವ ವ್ಯವಹಾರವಲ್ಲವೇ ಇದು? ಭಾಗಶಃ ಸತ್ಯ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವರ್ಷದ 602 ನೌಕರರನ್ನು ರಾತ್ರಿ ಪರೀಕ್ಷಿಸಿದ 1993ರ ಅಧ್ಯಯನದಲ್ಲಿ ಗಂಟೆಗೆ ಐದು ಅಥವಾ ಹೆಚ್ಚು ತಡೆ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿಗಿತ್ತು, ಹಗಲಿನ ತೂಕಡಿಕೆಯೂ ಸೇರಿದ್ದವರು ಕೇವಲ ಶೇ. 4 ಮತ್ತು ಶೇ. 2. ಬರೀ ಎಣಿಕೆ ರೋಗವಾಗದು. 2016ರಲ್ಲಿ ಪ್ರಕಟವಾದ, ಈಗಾಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಕಂಡಿದ್ದ ಸುಮಾರು 2,700 ಜನರ ದೊಡ್ಡ ಪ್ರಯೋಗದಲ್ಲಿ ಸಿಪ್ಯಾಪ್ ಮುಂದಿನ ಹೃದಯಾಘಾತಗಳನ್ನು ಕಡಿಮೆ ಮಾಡಲಿಲ್ಲ. ಯಂತ್ರವನ್ನು ಅವರು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಮಾತ್ರ ಹಾಕಿಕೊಂಡಿದ್ದರು ಎಂಬುದು ನಿಜ, ಆದರೂ ಫಲಿತಾಂಶವನ್ನು ಮುಚ್ಚಿಡಬಾರದು. ಅದೇ ಪ್ರಯೋಗದಲ್ಲಿ ಹಗಲಿನ ತೂಕಡಿಕೆ ಇಳಿದದ್ದನ್ನೂ ಹೇಳಬೇಕು. ಸ್ಟಿಯರಿಂಗ್ ಹಿಡಿದು ರಾತ್ರಿ ಬಸ್ಸು ಓಡಿಸುವವನಿಗೆ ಆ ಇಳಿಕೆ ಸಣ್ಣದೇನಲ್ಲ.

ವಿಸ್ಕಾನ್ಸಿನ್ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೆಂಗಸರ ಶೇ. 9. ಅಲ್ಲಿಯವರೆಗೆ ಇದು ಗಂಡಸರ ಕಾಯಿಲೆಯೆಂದೇ ನಂಬಿಕೆಯಿತ್ತು, ಏಕೆಂದರೆ ಚಿಕಿತ್ಸಾಲಯಕ್ಕೆ ಬರುತ್ತಿದ್ದವರು ಗಂಡಸರೇ, ಹೆಚ್ಚಾಗಿ ಹೆಂಡತಿಯರ ಒತ್ತಾಯಕ್ಕೆ. ಈ ರೋಗಕ್ಕೆ ಸಾಕ್ಷಿ ರೋಗಿಯಲ್ಲ, ಪಕ್ಕದಲ್ಲಿ ಮಲಗಿದವರು. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮೊದಲು ಏಳುವ ಹೆಂಗಸಿಗೆ ಸಾಕ್ಷಿ ಹೇಳುವವರು ಯಾರು? ಗೊರೆಯುವುದೇ ನಾಚಿಕೆ ಅವಳಿಗೆ. ಬೆಳಗಿನ ತಲೆನೋವು, ದಿನವಿಡೀ ಸುಸ್ತು ಎಂದು ಹೋದರೆ ರಕ್ತಹೀನತೆ, ಥೈರಾಯ್ಡ್ ಎಂದು ಪರೀಕ್ಷೆಗಳಾಗುತ್ತವೆ. ಅವೂ ಬೇಕು, ಆದರೆ ರಾತ್ರಿಯ ಉಸಿರಿನ ವಿಚಾರ ಬರುವುದೇ ಇಲ್ಲ. ಇಎನ್‌ಟಿ, ಶ್ವಾಸಕೋಶ ಅಥವಾ ನರರೋಗ ತಜ್ಞರಲ್ಲಿ ಯಾರ ಬಳಿ ಹೋದರೂ ನಿದ್ದೆಯ ಪರೀಕ್ಷೆಗೆ ದಾರಿ ತೋರುತ್ತಾರೆ. ಹಲವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆ ಸಾಕಾಗುತ್ತದೆ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಗಂಟಲನ್ನು ಇನ್ನಷ್ಟು ಸಡಿಲಿಸುವ ಮದ್ಯವನ್ನು ಬಿಡುವುದು ಕೆಲವರಿಗೆ ಯಂತ್ರವಿಲ್ಲದೆಯೂ ನೆರವಾಗುತ್ತವೆ. ಹೋಗುವ ಮುನ್ನ ಮನೆಯವರೊಬ್ಬರು ಒಂದು ರಾತ್ರಿ ಅರ್ಧ ಗಂಟೆ ಎದ್ದಿದ್ದು, ಗೊರಕೆ ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಬರೆದಿಟ್ಟುಕೊಂಡರೆ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.