ಹಳೆಯ ಕಾರಿಗೆ ಹೊಸ ಎಂಜಿನ್: ಎಂ.ಜಿ. ಕಾರಿನ ಚರಿತ್ರೆಯಿಂದ ಒಂದು ಪಾಠ

ಸಂಘದ ರಾಜ್ಯೋತ್ಸವ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ತಂದೆಯವರ ಕಾಲದ ಎಂ.ಜಿ.ಬಿ. ಕಾರೊಂದು ಶೆಡ್ಡಿನಲ್ಲಿ ನಿಂತು ವರ್ಷಗಳೇ ಆಗಿವೆ. "ನೀವು ಬಿ.ಎಸ್ಸಿ. ಓದಿದವರು, ಹೇಳಿ ಸ್ವಾಮಿ. ಹಳೆಯ ಎಂಜಿನ್ ತೆಗೆದು ದೊಡ್ಡದೊಂದನ್ನು ಕೂರಿಸೋಣವೇ? ಮಗ ಅದೇ ಹಟ ಹಿಡಿದಿದ್ದಾನೆ" ಎಂದರು. ಕಡತಗಳನ್ನು ಓಡಿಸಿ ಬಲ್ಲೆವೇ ಹೊರತು ಕಾರು ರಿಪೇರಿ ನಮ್ಮ ಕಸುಬಲ್ಲ. ಆದರೆ ಇದೇ ಪ್ರಶ್ನೆಯನ್ನು ಆ ಕಾರನ್ನು ಕಟ್ಟಿದ ಕಂಪನಿಯೇ ಒಂದು ಕಾಲದಲ್ಲಿ ಕೇಳಿಕೊಂಡು, ಒಮ್ಮೆ ಎಡವಿ, ಇನ್ನೊಮ್ಮೆ ಸರಿದಾರಿ ಹಿಡಿದ ಚರಿತ್ರೆಯಿದೆ. ಅವರಿಗೆ ಹೇಳಿದ್ದನ್ನೇ ಓದುಗ ಬಂಧುಗಳ ಮುಂದೆಯೂ ಇಡುತ್ತೇವೆ.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಈ ಸಂಸ್ಥೆ 1929ರಲ್ಲಿ ಹತ್ತಿರದ ಅಬಿಂಗ್ಡನ್ ಪಟ್ಟಣಕ್ಕೆ ಬಂದು ನೆಲೆಸಿತು. ಸಾಮಾನ್ಯ ಸಂಸಾರಸ್ಥರ ಕಾರುಗಳ ಎಂಜಿನ್ನನ್ನೇ ತಿದ್ದಿ ತೀಡಿ, ಹಗುರವಾದ ಚೆಲುವಾದ ಮೈಯಲ್ಲಿ ಕೂರಿಸುವುದು ಅದರ ಪದ್ಧತಿ. 1955ರ ಎಂ.ಜಿ.ಎ. ಕಾರಿನಲ್ಲಿದ್ದುದು 1489 ಸಿ.ಸಿ.ಯ 'ಬಿ ಸೀರೀಸ್' ಎಂಜಿನ್. ಇದೇ ಅಳತೆಯ, ಇದೇ ವಂಶದ ಎಂಜಿನ್ ನಮ್ಮ ದೇಶದಲ್ಲಿ ಯಾವ ಗಾಡಿಯಲ್ಲಿತ್ತು ಗೊತ್ತೇ? ಉತ್ತರಪಾರಾದ ಕಾರ್ಖಾನೆಯಿಂದ ಬಂದ ಅಂಬಾಸಿಡರಿನಲ್ಲಿ! ನಮ್ಮ ಕಚೇರಿಯ ಸಾಹೇಬರನ್ನು ಕೂರಿಸಿಕೊಂಡು ಗಂಭೀರವಾಗಿ ತೆವಳುತ್ತಿದ್ದ ಬಿಳಿಯ ಗಾಡಿಗೂ ಆ ಕೆಂಪು ಓಟಗಾರನಿಗೂ ದಾಯಾದಿ ಸಂಬಂಧವಿತ್ತೆಂದರೆ ನಂಬುವುದು ಕಷ್ಟ. ಹೃದಯ ಒಂದೇ ಬಗೆಯದಾದರೂ ಮೈಭಾರ ಬೇರೆ, ಆದುದರಿಂದ ನಡಿಗೆಯೂ ಬೇರೆ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

1962ರಲ್ಲಿ ಎಂ.ಜಿ.ಬಿ. ಬಂದಿತು. ಎಂಜಿನ್ ಅದೇ ವಂಶದ್ದು, 1798 ಸಿ.ಸಿ.ಗೆ ಹಿಗ್ಗಿಸಿದ್ದು, 95 ಅಶ್ವಶಕ್ತಿ. ಜನ ಮೆಚ್ಚಿದರು. ಆದರೆ ವೇಗದ ಹಸಿವು ಎಂದಿಗೂ ತೀರುವಂಥದಲ್ಲ. "ಇನ್ನೂ ಸ್ವಲ್ಪ ಬಲವಿದ್ದರೆ" ಎಂಬ ಮಾತು ಬೇಗನೆ ಎದ್ದಿತು. ಹಳೆಯ ಎಂಜಿನ್ನನ್ನೇ ಹಿಂಡಿ ಬಲ ತೆಗೆಯುವ ದಾರಿಯನ್ನು ಕಂಪನಿ ಅದಾಗಲೇ ನೋಡಿತ್ತು. 1958ರಲ್ಲಿ ಎಂ.ಜಿ.ಎ.ಗೆ ಎರಡು ಕ್ಯಾಮ್ ಶಾಫ್ಟುಗಳ ತಲೆ ಕೂರಿಸಿ 108 ಅಶ್ವಶಕ್ತಿ ಪಡೆದಿದ್ದರು. ಪಿಸ್ಟನ್ ಸುಟ್ಟುಹೋಗುವ ದೂರುಗಳು ಬಂದು, 2111 ಕಾರುಗಳಾಗುವಷ್ಟರಲ್ಲಿ 1960ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೀಗಾಗಿ ಈ ಸಲ ದೊಡ್ಡ ಎಂಜಿನ್ನಿನ ಕಡೆಗೇ ಕಣ್ಣು ಹೋಯಿತು.

1967ರಲ್ಲಿ ಬಂದ ಎಂ.ಜಿ.ಸಿ.ಗೆ ಕೂರಿಸಿದ್ದು ಆರು ಸಿಲಿಂಡರುಗಳ 2912 ಸಿ.ಸಿ. ಎಂಜಿನ್. ಕಾಗದದ ಮೇಲೆ 145 ಅಶ್ವಶಕ್ತಿ! ಆದರೆ ಅದು ಎರಕದ ಕಬ್ಬಿಣದ ಮುದ್ದೆ. ಹಳೆಯದಕ್ಕಿಂತ 90 ಕಿಲೋಗ್ರಾಂಗೂ ಮಿಕ್ಕ ಭಾರ. ಬಾನೆಟ್ಟಿನಡಿ ಹಿಡಿಸದೆ ಅದರ ಮೇಲೊಂದು ಉಬ್ಬು ಮಾಡಬೇಕಾಯಿತು; ಮುಂದಿನ ಸಸ್ಪೆನ್ಷನ್ನನ್ನು ಬೇರೆಯೇ ರಚಿಸಬೇಕಾಯಿತು. ಇಷ್ಟಾದರೂ ಭಾರವೆಲ್ಲ ಮೂಗಿನ ಮೇಲೆಯೇ. ಜಡತ್ವದ ನಿಯಮ ಯಾವ ಕಂಪನಿಗೂ ರಿಯಾಯಿತಿ ಕೊಡುವುದಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಬಯಸುತ್ತದೆಂದು ಪತ್ರಿಕೆಗಳು ಬರೆದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ಸುಮಾರು 9000 ಕಾರುಗಳ ನಂತರ 1969ರಲ್ಲಿ ಆ ಕಥೆ ಮುಗಿಯಿತು.

ಸರಿಯಾದ ಎಂಜಿನ್ ಹುಟ್ಟಿದ್ದು ಸಮುದ್ರದಾಚೆ. ಅಮೆರಿಕದ ಜನರಲ್ ಮೋಟಾರ್ಸ್ 1961ರ ಬ್ಯೂಯಿಕ್ ಕಾರುಗಳಿಗೆಂದು ಎಂಟು ಸಿಲಿಂಡರುಗಳ, ಅಲ್ಯುಮಿನಿಯಂ ಎರಕದ ವಿ-8 ಎಂಜಿನ್ ತಯಾರಿಸಿತ್ತು. ಮೂರೂವರೆ ಲೀಟರ್ ಗಾತ್ರವಿದ್ದರೂ ಬಲು ಹಗುರ. 1963ರ ಮಾದರಿಗಳ ನಂತರ ಅವರು ಅದನ್ನು ಕೈಬಿಟ್ಟರು. ಇಂಗ್ಲೆಂಡಿನ ರೋವರ್ ಕಂಪನಿ 1965ರಲ್ಲಿ ಅದರ ಹಕ್ಕು ಪಡೆದು, ತನ್ನ ಅಗತ್ಯಕ್ಕೆ ತಿದ್ದಿಕೊಂಡು, 1967ರಿಂದ ತನ್ನ ಕಾರುಗಳಲ್ಲಿ ಬಳಸಿತು. ಒಬ್ಬರಿಗೆ ಬೇಡವಾದುದು ಮತ್ತೊಬ್ಬರಿಗೆ ಭಾಗ್ಯವಾಯಿತು.

ಇದನ್ನು ಎಂ.ಜಿ.ಬಿ.ಯಲ್ಲಿ ಕೂರಿಸಿ ಮಾರತೊಡಗಿದವನು ಕಂಪನಿಯವನಲ್ಲ. ಕೆನ್ ಕಾಸ್ಟೆಲ್ಲೊ ಎಂಬ ರೇಸಿನ ಮನುಷ್ಯ. 1970ರ ಸುಮಾರಿಗೆ ತನ್ನ ಸಣ್ಣ ಕಾರ್ಖಾನೆಯಲ್ಲಿ ಆತ ಈ ಕೆಲಸ ಶುರುಮಾಡಿದ. ಸಾಲುಗಟ್ಟಿದ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ಈ ಎಂಟು ಸಿಲಿಂಡರಿನದು ಭಾರವಲ್ಲ! ಮೂಗು ಭಾರವಾಗದೆ ಬಲ ಮಾತ್ರ ಹೆಚ್ಚಿತು. ಆ ಹೊತ್ತಿಗೆ ಎಂ.ಜಿ.ಯೂ ರೋವರೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಕುಟುಂಬದಲ್ಲಿದ್ದವು. ಕಾಸ್ಟೆಲ್ಲೊನ ಕಾರನ್ನು ತರಿಸಿ ನೋಡಿದ ಕಂಪನಿ, 1973ರ ಆಗಸ್ಟಿನಲ್ಲಿ ತನ್ನದೇ ಎಂ.ಜಿ.ಬಿ. ಜಿ.ಟಿ. ವಿ-8 ಹೊರತಂದಿತು. 3528 ಸಿ.ಸಿ., 137 ಅಶ್ವಶಕ್ತಿ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. ಅಶ್ವಶಕ್ತಿ ಎಂ.ಜಿ.ಸಿ.ಗಿಂತ ಕಡಿಮೆಯೇ, ಆದರೂ ಇದೇ ಮೇಲಾಯಿತು.

ಆದರೆ ಮುಹೂರ್ತ ಕೆಟ್ಟಿತ್ತು. ಎರಡೇ ತಿಂಗಳಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಬಂದು ಪೆಟ್ರೋಲಿನ ಬೆಲೆ ಗಗನಕ್ಕೇರಿತು. ದೊಡ್ಡ ಮಾರುಕಟ್ಟೆಯಾದ ಅಮೆರಿಕಕ್ಕೆ ಈ ಕಾರನ್ನು ಕಳುಹಿಸಲೂ ಇಲ್ಲ. 2591 ಕಾರುಗಳಾದ ಮೇಲೆ 1976ರಲ್ಲಿ ಅದು ನಿಂತಿತು. ಹಳೆಯ ನಾಲ್ಕು ಸಿಲಿಂಡರಿನ ಎಂ.ಜಿ.ಬಿ. ಮಾತ್ರ 1980ರಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಬೀಗ ಬೀಳುವವರೆಗೂ ನಡೆಯಿತು. ಒಟ್ಟು ಸಂಖ್ಯೆ ಐದು ಲಕ್ಷ ಮೀರಿತ್ತು. 1993ರಲ್ಲಿ ಹಳೆಯ ಮೈಯನ್ನೇ ತಿದ್ದಿ, 3.9 ಲೀಟರಿಗೆ ಬೆಳೆದ ಅದೇ ವಿ-8 ಕೂರಿಸಿ ಆರ್.ವಿ.8 ಎಂಬ ಕಾರು ಮಾಡಿದರು. ಅವುಗಳಲ್ಲಿ ಬಹುಪಾಲನ್ನು ಕೊಂಡವರು ಜಪಾನಿನವರು. ನಮ್ಮ ಅಂಬಾಸಿಡರಿಗೂ 1990ರ ದಶಕದಲ್ಲಿ ಹೃದಯ ಬದಲಾಯಿತು: ಜಪಾನಿನ ಇಸುಜು ಕಂಪನಿಯ 1800 ಸಿ.ಸಿ. ಎಂಜಿನ್, ಜೊತೆಗೆ ಐದು ಗೇರುಗಳ ಪೆಟ್ಟಿಗೆ. ಎಂಜಿನ್ನಿನ ಜೊತೆಗೆ ಗೇರುಪೆಟ್ಟಿಗೆಯನ್ನೂ ಕೊಟ್ಟದ್ದನ್ನು ಗಮನಿಸಬೇಕು. ಎಂ.ಜಿ. ವಿ-8ರಲ್ಲಿಯೂ ಹಿಂದಿನ ಆಕ್ಸಲಿನ ಹಲ್ಲುಗಳ ಲೆಕ್ಕವನ್ನು ಬದಲಿಸಿದ್ದರು. ಎಂಜಿನ್ ಒಂಟಿಯಾಗಿ ಬರುವ ಅತಿಥಿಯಲ್ಲ. ಬ್ರೇಕು, ರೇಡಿಯೇಟರು, ಆಕ್ಸಲು ಎಲ್ಲಕ್ಕೂ ಆಹ್ವಾನ ಕೊಡಲೇಬೇಕು.

ಆದುದರಿಂದ ನಮ್ಮ ಹಿರಿಯ ಮಿತ್ರರಿಗೆ ನಾವು ಹೇಳಿದ್ದು ಇಷ್ಟು: ಅಶ್ವಶಕ್ತಿ ಕೇಳುವ ಮೊದಲು ತೂಕ ಕೇಳಿ. ಎಂಜಿನ್ನಿನ ಬೆಲೆ ಕೇಳಿದ ಮೇಲೆ ಉಳಿದ ಭಾಗಗಳ ಬೆಲೆಯನ್ನೂ ಕೂಡಿಸಿ. ನಾವು ಸರ್ಕಾರಿ ಗುಮಾಸ್ತರಾದುದರಿಂದ ಕಾಗದಪತ್ರದ ಮಾತನ್ನೂ ಸೇರಿಸಿದೆವು. ಎಂಜಿನ್ ಬದಲಿಸಲು ನೋಂದಣಿ ಅಧಿಕಾರಿಗಳ ಒಪ್ಪಿಗೆ ಬೇಕು. ಅಷ್ಟೇ ಅಲ್ಲ, 2021ರ ನಿಯಮಗಳಂತೆ 50 ವರ್ಷ ದಾಟಿದ ಕಾರಿಗೆ 'ವಿಂಟೇಜ್' ಎಂಬ ಮನ್ನಣೆ ಸಿಗಬೇಕಾದರೆ ಚಾಸಿಯಾಗಲಿ, ಮೈಯಾಗಲಿ, ಎಂಜಿನ್ನಾಗಲಿ ಮಾರ್ಪಾಡಾಗಿರಬಾರದು. ವೇಗ ಬೇಕೆಂದು ಎಂಜಿನ್ ಬದಲಿಸಿದರೆ ಆ ಗೌರವವನ್ನು ಬಿಟ್ಟುಕೊಡಬೇಕು. ಗೌರವ ಬೇಕೆಂದರೆ ವೇಗದ ಆಸೆಯನ್ನು ಬಿಡಬೇಕು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಅಪ್ಪ ಎಂದೂ ಅರವತ್ತರ ಮೇಲೆ ಓಡಿಸಿದವರಲ್ಲ" ಎಂದು ನಕ್ಕರು. ಹಳೆಯ ಎಂಜಿನ್ನನ್ನೇ ಇಳಿಸಿ, ಸಿಲಿಂಡರು ಕೊರೆಸಿ, ಹೊಸ ಪಿಸ್ಟನ್ನು ರಿಂಗು ಹಾಕಿಸುವುದೆಂದು ಈಗ ತೀರ್ಮಾನವಾಗಿದೆ. ಮಗನಿಗೆ ಇನ್ನೂ ಸಮಾಧಾನವಿಲ್ಲ. ಮೊದಲ ಸವಾರಿಗೆ ನಮ್ಮನ್ನು ಕರೆದಿದ್ದಾರೆ.