ಮಾವನ ರೇಡಿಯೋ ವಾಲ್ವು, ಗೆಳೆಯನ ಗಿಟಾರು

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಸೋಮಾರಿತನ, ಇನ್ನೇನು! ಆದ್ರೆ ಹೋದ ತಿಂಗಳ ಈ ಕತೆ ಹೇಳದೆ ಇರೋಕಾಗ್ತಿಲ್ಲ.

ಗೆಳೆಯನೊಬ್ಬನ ಹತ್ರ ಗಿಟಾರಿನ ವಾಲ್ವ್ ಆಂಪ್ಲಿಫೈಯರ್ ಇದೆ. ವಾಕ್ಸ್ ಎಸಿ15 ನೋಡ್ಕೊಂಡು ಯಾರೋ ಹವ್ಯಾಸಿ ಕೈಯಲ್ಲೇ ಕಟ್ಟಿದ್ದು. ಇಪ್ಪತ್ತು ನಿಮಿಷ ಚೆನ್ನಾಗಿ ಮೊಳಗುತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ದನಿ ತಗ್ಗಿಹೋಗುತ್ತೆ. ಪೂರ್ತಿ ನಿಲ್ಲಲ್ಲ, ಮೇಲೆ ಕಂಬಳಿ ಹೊದಿಸಿದ ಹಾಗೆ. ತಣ್ಣಗಾದರೆ ಮತ್ತೆ ಸರಿ. ಹೊಸ ವಾಲ್ವ್ ಹಾಕಿದ್ರೂ ಅದೇ ಕತೆ. ಎರಡು ವಾರದಲ್ಲಿ ಅವನ ಕಾರ್ಯಕ್ರಮ ಬೇರೆ. ಕೊನೆಗೆ ಕಾರಲ್ಲಿ ಹಾಕ್ಕೊಂಡು ತೀರ್ಥಹಳ್ಳಿಯ ನನ್ನ ಸೋದರಮಾವನ ಮನೆಗೆ ಹೋದ್ವಿ. ಮಾವನದು ರೇಡಿಯೋ ರಿಪೇರಿ ಅಂಗಡಿ ಇತ್ತು. ಮುಚ್ಚಿ ಎಷ್ಟೋ ವರ್ಷ ಆಯ್ತು, ಈಗ ಕೈಯೂ ನಡುಗುತ್ತೆ.

ಹಿಂದಿನ ಹಲಗೆ ಬಿಚ್ಚಿದ್ದೇ ತಡ, ಮಾವ ನಕ್ಕುಬಿಟ್ರು. "ಇದು ನಮ್ಮ ಇಎಲ್84 ಅಲ್ವೇನೋ! ರೇಡಿಯೋದಲ್ಲಿ ಇರ್ತಿತ್ತು."

ಹೌದು, ಅದೇ. ಫಿಲಿಪ್ಸ್ ಕಂಪನಿ ಐವತ್ತರ ದಶಕದಲ್ಲಿ ತಂದ ಈ ಬೆರಳುದ್ದದ ವಾಲ್ವು ಮನೆಮನೆ ರೇಡಿಯೋಗಳ ಸ್ಪೀಕರ್ ನಡೆಸ್ತಿತ್ತು. ಅದನ್ನೇ ಎರಡು ಜೋಡಿಸಿ ಇಂಗ್ಲೆಂಡಿನ ಡಿಕ್ ಡೆನ್ನಿ 1958ರಲ್ಲಿ ಎಸಿ15 ಮಾಡಿದ. ಶ್ಯಾಡೋಸ್ ತಂಡದ ಕಚೇರಿಗಳಲ್ಲಿ ಜನರ ಕಿರುಚಾಟಕ್ಕೆ 15 ವಾಟ್ ಸಾಲಲಿಲ್ಲ. ನಾಲ್ಕು ವಾಲ್ವ್ ಹಾಕಿ ಎಸಿ30 ಬಂತು. ಬೀಟಲ್ಸ್ ಹಿಂದೆ ನಿಂತಿರ್ತಿದ್ದ ಪೆಟ್ಟಿಗೆ ಅದೇ.

ಅತ್ತ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ 1947ರಲ್ಲೇ ಹುಟ್ಟಿತ್ತು. ಇತ್ತ ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಬಿಇಎಲ್, ರೇಡಿಯೋ ವಾಲ್ವ್ ಮಾಡೋಕೆ ಹೊರಟಿದ್ದು 1961ರಲ್ಲಿ. ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರ್‌ಗೂ ಕೈ ಹಾಕಿತು! ಮಗು ಅಂಬೆಗಾಲಿಡುವಾಗಲೇ ಉತ್ತರಾಧಿಕಾರಿ ಬಂದ ಹಾಗೆ. ಮಾವನಂಥವರು ಒಂದು ವಿದ್ಯೆ ಕಲಿತು ಮುಗಿಸೋದರೊಳಗೆ ಅದು ಹಳತಾಯ್ತು. ರೇಡಿಯೋ, ಟಿವಿ ಎಲ್ಲಾ ವಾಲ್ವ್ ಬಿಟ್ಟವು. ಗಿಟಾರಿನವರು ಮಾತ್ರ ಬಿಡಲಿಲ್ಲ. ಜೋರು ಮಾಡಿದಾಗ ವಾಲ್ವು ಮೆತ್ತಗೆ ಒಡೆಯುತ್ತೆ, ಆ ಒಡೆದ ದನಿಯೇ ಅವರಿಗೆ ಬೇಕು. ರೇಡಿಯೋದಲ್ಲಿ ಹಾಗೆ ಕೇಳಿಸಿದ್ರೆ ಮಾವ ರಿಪೇರಿಗೆ ಕೂರ್ತಿದ್ರು :)

ಸರಿ, ದೋಷಕ್ಕೆ ಬರೋಣ. ಮಾವ ಮೊದಲು ಹೇಳಿದ್ದು, "ವಾಲ್ವ್ ಮುಪ್ಪಾದ್ರೆ ದನಿ ನಿಧಾನಕ್ಕೆ ಇಳಿಯುತ್ತೆ, ತಿಂಗಳುಗಟ್ಟಲೆ. ಧೊಪ್ಪಂತ ಬಿದ್ರೆ ಎಲ್ಲೋ ಕೈಬಿಟ್ಟಿದೆ ಅಂತರ್ಥ." ಎರಡು ವಾಲ್ವ್ ಎದುರುಬದುರು ದುಡಿಯೋ ಸರ್ಕ್ಯೂಟಿನಲ್ಲಿ ಒಂದು ಕೈಕೊಟ್ಟರೂ ಇನ್ನೊಂದು ಎಳೆಯುತ್ತೆ. ಅದಕ್ಕೇ ದನಿ ಸಾಯಲಿಲ್ಲ, ತಗ್ಗಿತು. "ಎರಡೂ ಕೆಂಪಗೆ ಉರೀತಿವೆಯಲ್ಲ ಮಾವ?" ಅಂದೆ. "ಉರಿಯೋದು ಹೀಟರು ಮಾರಾಯ! ಒಲೆ ಉರಿದ ಮಾತ್ರಕ್ಕೆ ಅನ್ನ ಆಯ್ತಾ?"

ವಾಲ್ವುಗಳನ್ನ ಅದಲುಬದಲು ಮಾಡಿದ್ವಿ. ದೋಷ ವಾಲ್ವಿನ ಜೊತೆ ಹೋಗಲಿಲ್ಲ, ಅದೇ ಸಾಕೆಟ್ಟಿನಲ್ಲಿ ಉಳೀತು. ಕಾಯಿಸಿ, ದನಿ ಬಿದ್ದ ಮೇಲೆ ಮಾವ ಒಂದು ಕೈ ಬೆನ್ನ ಹಿಂದೆ ಇಟ್ಕೊಂಡು ಮೀಟರ್ ಮುಟ್ಟಿಸಿದ್ರು. ಒಳಗೆ 300 ವೋಲ್ಟ್ ಓಡಾಡ್ತಿರುತ್ತೆ, ಎರಡು ಕೈ ತಾಗಿದ್ರೆ ಕರೆಂಟು ಎದೆ ಮೂಲಕವೇ ಹೋಗೋದು. (ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರುತ್ತೆ. ದಯವಿಟ್ಟು ಇದನ್ನೋದಿ ಯಾರೂ ಮನೆಯಲ್ಲಿ ಕೈ ಹಾಕಬೇಡಿ.) ಒಂಬತ್ತನೇ ಪಿನ್ನು, ಅಂದ್ರೆ ಸ್ಕ್ರೀನ್ ಗ್ರಿಡ್: ಒಂದು ಸಾಕೆಟ್ಟಿನಲ್ಲಿ 300ರ ಹತ್ರ, ಇನ್ನೊಂದರಲ್ಲಿ ಹೆಚ್ಚುಕಮ್ಮಿ ಸೊನ್ನೆ. ಅಲ್ಲಿಗೆ ಬರೋ ರೆಸಿಸ್ಟರಿನ ಬೆಸುಗೆಯಲ್ಲಿ ಕೂದಲಷ್ಟು ಬಿರುಕು. ಕಾದಾಗ ಬಾಯಿಬಿಡೋದು, ತಣಿದಾಗ ಕೂಡಿಕೊಳ್ಳೋದು!

ಆರಿಸಿ, ಕೆಪಾಸಿಟರ್ ಖಾಲಿ ಮಾಡಿ, ಮಾವ ಬೆಸುಗೆ ಕಡ್ಡಿ ನನ್ನ ಕೈಗೆ ಕೊಟ್ರು. "ನೀನೇ ಹಾಕು, ನನ್ನ ಕೈ ನಿಲ್ಲಲ್ಲ." ನಾನು ಹಾಕಿದ್ದನ್ನ ಎರಡು ಸಲ ಕೀಳಿಸಿದ್ರು, ಮೂರನೇದಕ್ಕೆ "ಹ್ಞೂಂ" ಅಂದ್ರು. ಗೆಳೆಯ ಒಂದು ಗಂಟೆ ಬಾರಿಸಿದ, ದನಿ ಇಳಿಯಲಿಲ್ಲ. ಮಾವ ಜಗಲಿಯಲ್ಲಿ ಕೂತು ಗಡಿಯಾರ ನೋಡ್ತಿದ್ರು.

ಹೊರಡುವಾಗ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದ್ರು. ಹತ್ತಿಯಲ್ಲಿ ಸುತ್ತಿಟ್ಟ ಎರಡು ಬಿಇಎಲ್ ಇಎಲ್84, ಹೊಚ್ಚಹೊಸವು. ಗೆಳೆಯ ದುಡ್ಡು ಎಷ್ಟು ಅಂತ ಕೇಳಿದ. "ಇಟ್ಕೊಳ್ಳಪ್ಪ, ಇಲ್ಲಿ ಕೇಳೋರು ಯಾರು?" ಅಂದ್ರು. ದಾರಿಯುದ್ದಕ್ಕೂ ಅವನು ಆ ಡಬ್ಬಿ ಮಡಿಲಲ್ಲೇ ಇಟ್ಕೊಂಡಿದ್ದ.