ಹೊಸಬನ ಹಲಗೆ: ಕೃಷ್ಣಾತೀರದ ತೇಲುಸಾಧನಗಳ ಬೆಳಕಿನಲ್ಲಿ ಒಂದು ವಿಚಾರ

೧

ನಮ್ಮ ನದಿಗಳ ಇತಿಹಾಸವನ್ನು ಬರೆದವರು ಸೇನೆಗಳು ದಾಟಿದ ಕಡವುಗಳನ್ನೂ, ದಂಡೆಯ ದೇವಾಲಯಗಳನ್ನೂ, ಈಚಿನ ಕಾಲದ ಸೇತುವೆಗಳನ್ನೂ ಕುರಿತು ಸಾಕಷ್ಟು ಹೇಳಿದ್ದಾರೆ. ಆದರೆ ಮೊದಲ ಸಲ ನೀರಿಗೆ ಇಳಿಯುವವನು ಏನನ್ನು ಹಿಡಿದು ಇಳಿದನೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಸೇತುವೆ ಕಲ್ಲಿನದು, ಉಳಿಯುತ್ತದೆ. ಸೋರೆಬುರುಡೆ ಒಡೆದರೆ ತಿಪ್ಪೆಯನ್ನು ಸೇರುತ್ತದೆ. ಶಾಸನವಾಗಲಿ ದಫ್ತರವಾಗಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗಿದ್ದರೂ ಒಂದು ನಾಡಿನ ಜನ ಕಲಿಯುವವನ ಕೈಗೆ ಏನನ್ನು ಕೊಡುತ್ತಾರೆಂಬುದರಿಂದ ಅವರು ನೀರನ್ನು ಎಷ್ಟರ ಮಟ್ಟಿಗೆ ಬಲ್ಲರೆಂಬುದನ್ನು ಅಳೆಯಬಹುದೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಗೆ ಇಂದು ಹೊಸದೊಂದು ಪ್ರಸಕ್ತಿ ಒದಗಿದೆ. ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಆಟ ಕರ್ನಾಟಕದ ಕರಾವಳಿಯಲ್ಲಿ ನೆಲೆಯೂರಿದೆ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ೨೦೦೪ರಲ್ಲಿ ಆರಂಭವಾಯಿತು. ಇದೇ ಆಟದ ಒಳನಾಡಿನ ರೂಪ ವೇಕ್‌ಸರ್ಫಿಂಗ್. ಇದರಲ್ಲಿ ಆಡುವವನು ಸಮುದ್ರದ ಅಲೆಯನ್ನಲ್ಲ, ಯಂತ್ರದ ದೋಣಿ ತನ್ನ ಹಿಂದೆ ಎಬ್ಬಿಸುವ ಅಲೆಯನ್ನು ಏರುತ್ತಾನೆ. ಅದಕ್ಕೆ ಕಡಲು ಬೇಡ. ಕೆರೆಯೋ ಹಿನ್ನೀರೋ ಸಾಕು. ಹೊಸಬನು ಇದಕ್ಕೆ ಯಾವ ಹಲಗೆಯನ್ನು ಆರಿಸಿಕೊಳ್ಳಬೇಕು? ಮೇಲುನೋಟಕ್ಕೆ ಇದು ಇತಿಹಾಸದ ಪ್ರಶ್ನೆಯಲ್ಲ, ಅಂಗಡಿಯ ಪ್ರಶ್ನೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದೀತೀರದಲ್ಲಿ ಇದೇ ಪ್ರಶ್ನೆಗೆ ಬೇರೊಂದು ರೂಪದಲ್ಲಿ ಬಹುಕಾಲದ ಹಿಂದೆಯೇ ಉತ್ತರ ಸಿಕ್ಕಿತ್ತು. ಆ ಉತ್ತರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ನೆಲದ ಪರಿಚಯ ಅವಶ್ಯ. ಈ ಐದರಲ್ಲಿ ನಿಪ್ಪಾಣಿ ಹಿಂದೆ ಚಿಕ್ಕೋಡಿಗೂ ಕಾಗವಾಡ ಅಥಣಿಗೂ ಸೇರಿದ್ದವು. ತಾಲ್ಲೂಕುಗಳಾಗಿ ಅವು ಹೊಸವು. ಇಡೀ ಪ್ರದೇಶ ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯದಿಂದ ಆಗಿನ ಮೈಸೂರು ರಾಜ್ಯಕ್ಕೆ ಬಂದಿತು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಈ ಸೀಮೆಗೆ ಇಳಿಯುತ್ತಾಳೆ. ನಿಪ್ಪಾಣಿಯ ಕಡೆಯಿಂದ ವೇದಗಂಗೆಯನ್ನು ಒಡಗೂಡಿದ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಆಕೆಯನ್ನು ಸೇರುತ್ತದೆ.

ಇಲ್ಲಿಯ ನೀರಿಗೆ ಒಂದು ವಿಶೇಷವುಂಟು. ಮಳೆ ಸುರಿಯುವುದು ಪಶ್ಚಿಮದ ಸಹ್ಯಾದ್ರಿಯಲ್ಲಿ. ಅಥಣಿಯ ಕಡೆಗೆ ಬಂದರೆ ಅದು ಮಳೆನೆರಳಿನ ಒಣನಾಡು. ಆದುದರಿಂದ ಊರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ತುಂಬಿ ಬರುವುದುಂಟು. ಆಕಾಶವನ್ನು ನೋಡಿ ಹೊಳೆಯನ್ನು ಊಹಿಸುವಂತಿಲ್ಲ. ಬೇಸಿಗೆಯಲ್ಲಿ ದನಗಳು ನಡೆದು ದಾಟುವ ಹೊಳೆ ಆಷಾಢ-ಶ್ರಾವಣಗಳಲ್ಲಿ ಹೊಲಗಳ ಮೇಲೆ ಹರಿಯುತ್ತದೆ. ಇಂತಹ ನದಿಯ ದಂಡೆಯಲ್ಲಿ ಈಸು ಬಲ್ಲವನಾಗುವುದು ವಿನೋದವೆನ್ನುವುದಕ್ಕಿಂತ ಬಾಳಿನ ಅಗತ್ಯವೆನ್ನುವುದೇ ಸರಿ.

ನೀರಾಟ ವಿನೋದವಾಗಿಯೂ ನಮ್ಮಲ್ಲಿ ಇದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು, ಅಂದರೆ ಸುಮಾರು ಕ್ರಿ. ಶ. ೧೧೨೯ರ ಗ್ರಂಥವು, ಕ್ರೀಡೆಗಳ ಪ್ರಕರಣದಲ್ಲಿ ಸಲಿಲಕ್ರೀಡೆಯನ್ನು ಹೇಳುತ್ತದೆ. ಮಹಾಕಾವ್ಯದ ವರ್ಣನೆಗಳಲ್ಲಿ ಜಲಕೇಳಿಗೆ ಸ್ಥಾನವುಂಟು. ಆದರೆ ಅದು ಅರಮನೆಯವರ ಆಟ. ಹೊಳೆಯನ್ನು ಬದುಕಾಗಿ ಬಲ್ಲವರು ಅಂಬಿಗರು. ಹನ್ನೆರಡನೆಯ ಶತಮಾನದ ವಚನಕಾರರ ನಡುವೆ ಅಂಬಿಗರ ಚೌಡಯ್ಯನಿದ್ದನೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

೩

ಈ ಸೀಮೆಯಲ್ಲಿ ಮಕ್ಕಳು ಈಸು ಕಲಿತುದು ಹೆಚ್ಚಾಗಿ ಬಾವಿಯಲ್ಲಿ, ಅನಂತರ ಹೊಳೆಯಲ್ಲಿ. ಕಲಿಯುವವನಿಗೆ ಕಟ್ಟುತ್ತಿದ್ದ ಸಾಧನಗಳು ಹಲವು. ಒಣಗಿಸಿ ತಿರುಳು ತೆಗೆದ ಸೋರೆಬುರುಡೆ ಅವುಗಳಲ್ಲಿ ಹಳೆಯದು. ಹಗುರಾದ ಮರದ ಬೆಂಡು ಇನ್ನೊಂದು. ಸೀಮೆಎಣ್ಣೆ ಬಳಕೆಗೆ ಬಂದ ಮೇಲೆ ಬಾಯಿ ಬೆಸೆದ ತಗಡಿನ ಡಬ್ಬಿಯೂ, ಮೋಟಾರು ವಾಹನಗಳು ಬಂದ ಮೇಲೆ ಗಾಲಿಯ ರಬ್ಬರ್ ಟ್ಯೂಬೂ ಈ ಸಾಲಿಗೆ ಸೇರಿದವು. ಕೃಷ್ಣೆಯ ಮೇಲ್ದಂಡೆಯ ಮರಾಠಿ ಊರುಗಳಲ್ಲಿ ಪಾಂಗಾರೆಯ ಒಣಕೊರಡನ್ನು ಬೆನ್ನಿಗೆ ಕಟ್ಟುವ ರೂಢಿಯಿತ್ತು. ನಮ್ಮ ಮಲೆನಾಡಿನವರು ಹಾಲುವಾಣವೆಂದು ಕರೆದು ಕಾಫಿಯ ತೋಟಗಳಲ್ಲಿ ನೆರಳಿಗೆ ಬೆಳೆಸುವುದು ಇದೇ ಕುಲದ ಮರವನ್ನು.

ಈ ಸಾಧನಗಳೆಲ್ಲಕ್ಕೂ ಸಮಾನವಾದ ಗುಣಗಳನ್ನು ಗಮನಿಸಬೇಕು. ಒಂದನೆಯದಾಗಿ, ಗಾತ್ರ ಹೆಚ್ಚು, ತೂಕ ಕಡಿಮೆ. ಒಂದು ಲೀಟರು ನೀರನ್ನು ಸರಿಸುವ ವಸ್ತು ತನ್ನ ಸ್ವಂತ ತೂಕವನ್ನು ಕಳೆದು ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಹೊರಬಲ್ಲದು. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಹತ್ತಿರವಾದುದು. ಆದುದರಿಂದ ತಲೆಯನ್ನು ನೀರಿನ ಮೇಲೆ ನಿಲ್ಲಿಸುವುದಕ್ಕೆ ಬೇಕಾದ ಹೆಚ್ಚಿನ ಆಸರೆ ಕೆಲವೇ ಕಿಲೋಗ್ರಾಂಗಳದು. ಒಂದೆರಡು ಬುರುಡೆಗಳು ಸಾಲುವುದು ಈ ಕಾರಣದಿಂದಲೇ. ಎರಡನೆಯದಾಗಿ, ಅವು ಮೈಗೆ ತಗುಲಿದರೆ ಗಾಯ ಮಾಡುವಂಥವಲ್ಲ. ತಗಡಿನ ಡಬ್ಬಿ ಮಾತ್ರ ಇದಕ್ಕೆ ಹೊರತು. ಮೂರನೆಯದಾಗಿ, ಅವನ್ನು ಕ್ರಮವಾಗಿ ಕಡಮೆ ಮಾಡಬಹುದು. ಎರಡು ಬುರುಡೆಗಳಿಂದ ಒಂದಕ್ಕೆ, ಒಂದರಿಂದ ಬರಿಯ ಬೆನ್ನಿಗೆ ಬರುವುದೇ ಕಲಿಕೆಯ ಕ್ರಮ. ಬೇಗ ಸಾಗಿಸುವ ವಸ್ತುವನ್ನು ಹೊಸಬನಿಗೆ ಯಾರೂ ಕಟ್ಟಲಿಲ್ಲ. ಮೊದಲು ಹೊರಬೇಕು, ಆಮೇಲೆ ಓಡಬೇಕು: ಈ ತತ್ತ್ವವನ್ನು ಅವರು ಬರೆದಿಡಲಿಲ್ಲ, ಆಚರಿಸಿದರು.

೪

ಇದೇ ತತ್ತ್ವ ದೊಡ್ಡ ಪ್ರಮಾಣದಲ್ಲಿ ಕಾಣುವುದು ಹರಿಗೋಲಿನಲ್ಲಿ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತ ಹೊರಗೆ ತೊಗಲಿನ ದೋಣಿಗಳಲ್ಲಿ ಹೊಳೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಕೂಡಬಹುದಿತ್ತೆಂದೂ, ಅವು ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದುವೆಂದೂ ಅವನು ಹೇಳುತ್ತಾನೆ. ೧೮೦೩ರಲ್ಲಿ ಮೈಸೂರಿನ ಕಡೆಯಿಂದ ಪುಣೆಯತ್ತ ನಡೆದ ಆರ್ಥರ್ ವೆಲ್ಲೆಸ್ಲಿ, ಮಳೆಗಾಲದಲ್ಲಿ ತುಂಬುವ ನದಿಗಳನ್ನು ದಾಟಲು ಇಂತಹ ಬುಟ್ಟಿದೋಣಿಗಳನ್ನೇ ಮಾಡಿಸಿದನು. ಮರದ ನಾವೆಗಳನ್ನು ಬಲ್ಲ ಸೇನಾಪತಿಯೂ ಇಲ್ಲಿ ಹರಿಗೋಲಿಗೆ ಶರಣುಹೋದುದು ಅರ್ಥಪೂರ್ಣವಾಗಿದೆ.

ಹರಿಗೋಲಿನ ದೋಷವೂ ಗುಣವೂ ಒಂದೇ ಆಕಾರದಿಂದ ಬಂದವು. ತಳ ಅಗಲವಾದುದರಿಂದ ಅದು ಸುಲಭವಾಗಿ ಮಗುಚುವುದಿಲ್ಲ. ಅಗಲವಾದುದರಿಂದಲೇ ಅದು ಗುರಿಯತ್ತ ನೇರವಾಗಿ ಹೋಗುವುದಿಲ್ಲ. ವೇಗವನ್ನೂ ದಿಕ್ಕನ್ನೂ ತೆತ್ತು ಸ್ಥಿರತೆಯನ್ನು ಕೊಂಡಂತೆ ಆಯಿತು. ಆ ಕೊರತೆಯನ್ನು ತುಂಬುವವನು ಹುಟ್ಟು ಹಾಕುವ ಅಂಬಿಗ. ಈಸು ಬಾರದವನು ಹೊಳೆಯನ್ನು ದಾಟಲು ಇದಕ್ಕಿಂತ ತಕ್ಕ ಏರ್ಪಾಡು ಆ ಕಾಲದಲ್ಲಿ ಇರಲಿಲ್ಲ.

೫

ತೇಲುವ ವಸ್ತುವಿನ ಮೇಲೆ ಎದ್ದು ನಿಂತು ಅಲೆಯನ್ನೇರುವ ವಿದ್ಯೆ ನಮ್ಮದಲ್ಲ. ಅದು ಪೆಸಿಫಿಕ್ ಸಾಗರದ ಪಾಲಿನೇಷಿಯದ ಜನರದು. ಕ್ಯಾಪ್ಟನ್ ಕುಕ್ಕನ ಮೂರನೆಯ ಯಾನದಲ್ಲಿದ್ದ ಜೇಮ್ಸ್ ಕಿಂಗ್ ೧೭೭೯ರಲ್ಲಿ ಹವಾಯಿಯಲ್ಲಿ ಇದನ್ನು ಕಂಡು ಬರೆದಿಟ್ಟನು. ಅಲ್ಲಿ ಹಲಗೆಗಳಲ್ಲಿ ಮುಖ್ಯವಾಗಿ ಮೂರು ಬಗೆ: ಉದ್ದವೂ ದಪ್ಪವೂ ಆದ ಓಲೊ, ತೆಳುವಾದ ಅಲಾಯಾ, ಹೊಟ್ಟೆಯ ಮೇಲೆ ಮಲಗಿ ಆಡುವ ಗಿಡ್ಡ ಪೈಪೊ. ಓಲೊ ಹಲಗೆಗೆ ಮೆಚ್ಚಿನ ಮರ ವಿಲಿವಿಲಿ. ಈ ವಿಲಿವಿಲಿಯು ನಮ್ಮ ಹಾಲುವಾಣದ, ಕೃಷ್ಣಾತೀರದ ಪಾಂಗಾರೆಯ ಕುಲಕ್ಕೇ ಸೇರಿದುದು. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ನೀರಿಗೆ ಒಂದೇ ಕುಲದ ಮರವನ್ನು ಆರಿಸಿಕೊಂಡುದು ಅನುಕರಣದಿಂದಲ್ಲ. ಹಗುರಾದ ಮರವನ್ನು ಅರಸುವ ಕೈ ಎಲ್ಲಿಯೇ ಆದರೂ ಅದರ ಮೇಲೆ ಹೋಗಿ ನಿಲ್ಲುತ್ತದೆ.

ಇಲ್ಲಿ ಒಂದು ಸಂಶಯ ಬರಬಹುದು. ಓಲೊ ಎಂಬ ದೊಡ್ಡ ಹಲಗೆ ಹೊಸಬರದಾಗಿರಲಿಲ್ಲ, ಅದು ಒಡೆಯರದು. ಮಕ್ಕಳು ಆಡುತ್ತಿದ್ದುದು ಗಿಡ್ಡ ಪೈಪೊದ ಮೇಲೆ. ಹಾಗಾದರೆ ಹೊಸಬನಿಗೆ ದೊಡ್ಡ ಹಲಗೆಯೇ ತಕ್ಕುದೆಂಬ ಮಾತು ನಿಲ್ಲುವುದೇ? ಸಂಶಯ ಸಾಧುವಾದುದು. ಆದರೆ ಪೈಪೊದ ಮೇಲೆ ಮಗು ನಿಲ್ಲುತ್ತಿರಲಿಲ್ಲ, ಮಲಗುತ್ತಿತ್ತು. ಮಲಗಿದವನನ್ನು ನೀರೇ ಬಹುಪಾಲು ಹೊರುತ್ತದೆ. ನಿಂತವನನ್ನು ಹಲಗೆಯೇ ಹೊರಬೇಕು. ಅಂದರೆ ಗಾತ್ರವನ್ನು ನಿರ್ಧರಿಸುವುದು ಕೆಲಸ. ಆ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಆಸರೆ ಹೊಸಬನಿಗೆ ಇರಬೇಕೆಂಬುದೇ ನಿಜವಾದ ನಿಯಮ.

ಇಪ್ಪತ್ತನೆಯ ಶತಮಾನದಲ್ಲಿ ಹಲಗೆ ಬೇಗ ಬೇಗ ಮಾರ್ಪಟ್ಟಿತು. ೧೯೩೫ರಲ್ಲಿ ಅಮೆರಿಕದ ಟಾಮ್ ಬ್ಲೇಕ್ ಹಲಗೆಯ ಅಡಿಗೆ ರೆಕ್ಕೆಯನ್ನು ಜೋಡಿಸಿದನು; ಅದರಿಂದ ಹಲಗೆ ಪಕ್ಕಕ್ಕೆ ಜಾರದೆ ದಿಕ್ಕನ್ನು ಹಿಡಿಯುವಂತಾಯಿತು. ೧೯೫೦ರ ದಶಕದ ಕೊನೆಗೆ ಮರದ ಸ್ಥಾನದಲ್ಲಿ ಪಾಲಿಯುರೆಥೇನ್ ನೊರೆ ಬಂದಿತು. ಹರಿಗೋಲಿನಲ್ಲಿ ಅಂಬಿಗನ ಹುಟ್ಟು ಮಾಡುತ್ತಿದ್ದ ಕೆಲಸದ ಒಂದಂಶವನ್ನು ಹಲಗೆಯಲ್ಲಿ ರೆಕ್ಕೆ, ಬೆಂಡು ಮಾಡುತ್ತಿದ್ದ ಕೆಲಸವನ್ನು ನೊರೆ ವಹಿಸಿಕೊಂಡವೆನ್ನಬಹುದು.

೬

ಈಗ ವೇಕ್‌ಸರ್ಫಿಂಗಿನ ಹಲಗೆಯನ್ನು ನೋಡೋಣ. ದೋಣಿಯ ಒಂದು ಪಕ್ಕಕ್ಕೆ ಭಾರವನ್ನು ಹೇರಿ, ಗಂಟೆಗೆ ಸುಮಾರು ೧೬ರಿಂದ ೧೯ ಕಿಲೋಮೀಟರು ವೇಗದಲ್ಲಿ ನಡೆಸಿದರೆ ಹಿಂದೆ ಎಡೆಬಿಡದ ಅಲೆಯೊಂದು ಏಳುತ್ತದೆ. ಆಡುವವನು ನೀರಿನಲ್ಲಿ ಬೆನ್ನಮೇಲೆ ಒರಗಿ, ಹಿಮ್ಮಡಿಗಳನ್ನು ಹಲಗೆಯ ಮೇಲಿಟ್ಟು, ಹಗ್ಗದ ಎಳೆತದಿಂದ ಮೇಲಕ್ಕೆದ್ದು, ಅಲೆ ತನ್ನನ್ನು ನೂಕತೊಡಗಿದಾಗ ಹಗ್ಗವನ್ನು ಬಿಡುತ್ತಾನೆ.

ಅರುವತ್ತು ಕಿಲೋಗ್ರಾಂ ತೂಕದವನು ನಿಂತ ನೀರಿನಲ್ಲಿ ಹಲಗೆಯ ಮೇಲೆ ನಿಲ್ಲಬೇಕಾದರೆ ಅದರ ಗಾತ್ರ ೬೦ ಲೀಟರುಗಳಿಗೂ ಮಿಗಿಲಾಗಿರಬೇಕು. ಈ ಆಟದ ಹಲಗೆಗಳು ಅದಕ್ಕಿಂತ ಬಹಳ ಸಣ್ಣವು. ಉಳಿದ ಭಾರವನ್ನು ಹರಿವಿನ ಒತ್ತಡ ಹೊರುತ್ತದೆ. ವೇಗ ತಗ್ಗಿತೆಂದರೆ ಆ ಒತ್ತಡವೂ ತಗ್ಗುತ್ತದೆ, ಮುಳುಗು ನಿಶ್ಚಿತ. ಹೊಸಬನು ಅಲೆಯ ಬಲವಿರುವ ತಾವನ್ನು ಇನ್ನೂ ಅರಿಯದವನಾದುದರಿಂದ ಪದೇ ಪದೇ ಹಿಂದೆ ಬೀಳುತ್ತಾನೆ. ಆಗ ಅವನನ್ನು ಕಾಯುವುದು ಹಲಗೆಯ ಸ್ವಂತ ಹೊರುವ ಶಕ್ತಿ.

ಇದರಿಂದ ಆಯ್ಕೆಯ ಸೂತ್ರಗಳು ತಾವಾಗಿಯೇ ಹೊರಡುತ್ತವೆ. ಈ ಹಲಗೆಗಳಲ್ಲಿ ಎರಡು ಬಗೆ: ದಪ್ಪವಾಗಿ ದೊಡ್ಡ ರೆಕ್ಕೆಗಳುಳ್ಳ ಸರ್ಫ್ ಮಾದರಿ, ತೆಳುವಾಗಿ ಸಣ್ಣ ರೆಕ್ಕೆಗಳುಳ್ಳ ಸ್ಕಿಮ್ ಮಾದರಿ. ಎರಡನೆಯದು ಚುರುಕಾಗಿ ತಿರುಗಿ ಸುತ್ತುವುದಕ್ಕೆ, ಅದು ಪಳಗಿದವನದು. ಹೊಸಬನಿಗೆ ಮೊದಲನೆಯದೇ ತಕ್ಕುದು. ಅದರಲ್ಲಿಯೂ ತನ್ನ ತೂಕಕ್ಕೆ ತಯಾರಕರು ಸೂಚಿಸಿದ ಅಳತೆಗಳಲ್ಲಿ ದೊಡ್ಡದನ್ನು, ಅಗಲವಾದುದನ್ನು, ಕಾಲು ಜಾರದಂತೆ ಮೆತ್ತೆ ಹೊದಿಸಿದುದನ್ನು, ಸಾಧ್ಯವಾದರೆ ಅಂಚು ಮೃದುವಾದುದನ್ನು ಆರಿಸಬೇಕು. ಪಳಗಿದವನ ಹಲಗೆಯನ್ನು ‘ಮುಂದೆಯೂ ಉಪಯೋಗಕ್ಕೆ ಬಂದೀತು’ ಎಂದು ಮೊದಲೇ ಕೊಳ್ಳುವುದು, ಮೊದಲ ದಿನವೇ ಬುರುಡೆಯಿಲ್ಲದೆ ಬಾವಿಗೆ ಹಾರಿದಂತೆ.

ಹಲಗೆಗಿಂತ ಮುಂಚಿನ ಆಯ್ಕೆ ದೋಣಿಯದು. ತಿರುಗುವ ಚಕ್ರ ದೋಣಿಯ ಹಿಂಬದಿಯ ಹೊರಗೆ ಇರುವ ದೋಣಿಯ ಹಿಂದೆ ಈ ಆಟವನ್ನು ಆಡಲೇಬಾರದು. ಚಕ್ರ ತಳದ ಅಡಿಯಲ್ಲಿ, ಹಿಂಬದಿಯಿಂದ ಸಾಕಷ್ಟು ಮುಂದೆ ಇರಬೇಕು. ತೇಲುವ ಅಂಗಿಯನ್ನು ತೊಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಯಂತ್ರದ ಹೊಗೆ ಕವಿಯುವ ಕಡೆ ದೋಣಿಯ ಹಿಂಬದಿಗೆ ಅಂಟಿಕೊಂಡು ನಿಲ್ಲಬಾರದು.

೭

ಈ ಆಟ ನಮ್ಮ ಐದು ತಾಲ್ಲೂಕುಗಳ ಸಂಪ್ರದಾಯವಲ್ಲ. ಅದು ಇಲ್ಲಿಗೆ ಬರಲೇಬೇಕೆಂದು ನಾವು ವಾದಿಸುವುದೂ ಇಲ್ಲ. ನಮ್ಮ ಕಳಕಳಿ ಬೇರೆ. ೨೦೦೫ರಲ್ಲಿಯೂ ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ ಮತ್ತು ಅದರ ಉಪನದಿಗಳು ಈ ಸೀಮೆಯನ್ನು ಮುಳುಗಿಸಿದವು. ದೂಧಗಂಗೆ ವೇದಗಂಗೆಗಳ ಮೇಲಿನ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ನೀರಿನ ಅಡಿಗೆ ಹೋಗುತ್ತವೆ. ಸೇತುವೆಗಳು ಹೆಚ್ಚಿದಂತೆ ಕಡವುಗಳು ನಿಂತವು. ಕೊಳವೆಬಾವಿಗಳು ಬಂದಂತೆ ತೆರೆದ ಬಾವಿಗಳು ಬತ್ತಿದವು. ಅವುಗಳೊಡನೆ ಬುರುಡೆ ಕಟ್ಟಿ ಕಲಿಸುವ ಹಿರಿಯರೂ ವಿರಳರಾದರು. ಪ್ರವಾಹ ಮಾತ್ರ ನಿಲ್ಲಲಿಲ್ಲ. ಈಸು ಬಾರದ ತರುಣನೊಬ್ಬ ಗಾಳಿ ತುಂಬಿದ ಟ್ಯೂಬನ್ನು ನಂಬಿ ತುಂಬಿದ ಹೊಳೆಗೆ ಇಳಿದರೆ, ಅದು ಅವನನ್ನು ತೇಲಿಸುತ್ತದೆ ನಿಜ. ಆದರೆ ಎಲ್ಲಿಗೆ ಒಯ್ಯುವುದೆಂಬುದು ಅವನ ಕೈಯಲ್ಲಿ ಇರುವುದಿಲ್ಲ. ಹೊರುವ ಸಾಧನ ಸಿಕ್ಕಿತು, ಅದರೊಡನೆ ಬರುತ್ತಿದ್ದ ಗುರು ಇಲ್ಲವಾದನು.

ಆದಕಾರಣ ನಾವು ಎರಡು ಮಾತುಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇವೆ. ಈ ತಾಲ್ಲೂಕುಗಳಿಂದ ಬಂದವರು ತಮ್ಮ ಊರಿನ ಹಿರಿಯರನ್ನು ಕಂಡು, ಈಸು ಕಲಿಯಲು ಏನನ್ನು ಕಟ್ಟುತ್ತಿದ್ದರು, ಅದನ್ನು ಏನೆಂದು ಕರೆಯುತ್ತಿದ್ದರು, ಯಾವಾಗ ಬಿಚ್ಚುತ್ತಿದ್ದರು ಎಂಬುದನ್ನು ಬರೆದುಕೊಳ್ಳಲಿ. ಕಡವುಗಳ ಹೆಸರುಗಳನ್ನು ಕೂಡಿಸಲಿ. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಸೆಟಿಯರಿನಂತಹ ಗ್ರಂಥ ಕಪಾಟಿನಲ್ಲಿ ಕಾದಿರುತ್ತದೆ; ಹಿರಿಯರ ನೆನಪು ಕಾಯುವುದಿಲ್ಲ. ಎರಡನೆಯ ಮಾತು: ನೀರಿನ ಯಾವ ಆಟಕ್ಕೇ ಆಗಲಿ ಸಾಧನವನ್ನು ಆರಿಸುವಾಗ ಅದು ಎಷ್ಟು ಓಡುತ್ತದೆಂದು ಕೇಳುವುದಕ್ಕೆ ಮೊದಲು, ನಾನು ತಪ್ಪಿದಾಗ ಅದು ನನ್ನನ್ನು ಹೊರುವುದೇ ಎಂದು ಕೇಳಬೇಕು. ಕೃಷ್ಣಾತೀರದವರು ಸೋರೆಬುರುಡೆಯನ್ನು ಬಡಿದು ನೋಡಿ ಕೇಳುತ್ತಿದ್ದುದು ಈ ಪ್ರಶ್ನೆಯನ್ನೇ.